ಬೋಳಿಸದ ತಲೆ

ಮೊನ್ನೆ ಭಾನುವಾರ ನಮ್ಮ ಸಿನಿಮಾ ಕಂಪನಿಯ ಅಂಗಳದಲ್ಲಿ ಸಂತಾಪ ಸಭೆ ನಡೆಯಿತು. ನಾನು ಅರ್ಧಕ್ಕೇ ಎದ್ದು ಬಂದೆ. ದುಃಖ ತಡೆಯಲಾರದೆ ಎದ್ದು ಹೋದ ಎಂದು ನಾಲ್ಕು ಜನ ಮಾತಾಡಿಕೊಂಡರಂತೆ. ಸುಳ್ಳು. ಇನ್ನೈದು ನಿಮಿಷ ಕೂತಿದ್ದರೆ ಮೇಜಿನ ಮೇಲಿದ್ದ ನೀರಿನ ತಂಬಿಗೆಯನ್ನು ಎತ್ತಿ ಭಾಷಣ ಮಾಡುತ್ತಿದ್ದವನ ತಲೆಗೆ ಒಗೆಯುತ್ತಿದ್ದೆ, ಅದಕ್ಕೆ ಎದ್ದು ಬಂದೆ.

ಏನೇನು ಅಂದರು ನೋಡಿ. ಕಲೆಯ ಸೇವೆಗೆ ಜೀವ ತೇಯ್ದ ಮಹಾನುಭಾವ ಅಂದರು. ಬಣ್ಣದ ಬದುಕಿಗಾಗಿ ಮನೆಮಾರು ತ್ಯಾಗ ಮಾಡಿದ ಯೋಗಿ ಅಂದರು. ತ್ಯಾಗವಂತೆ! ತಾನಾಗಿ ಬಿಟ್ಟುಕೊಟ್ಟರೆ ತ್ಯಾಗ. ಇನ್ನೊಬ್ಬರು ಕೈ ತಿರುವಿ ಕಸಿದುಕೊಂಡರೆ ಅದಕ್ಕೆ ಬೇರೆ ಹೆಸರಿದೆ. ಹಾರ ಹಾಕುವುದಕ್ಕೆ ಇಡೀ ಕಂಪನಿಯಲ್ಲಿ ಅವರದೊಂದು ನೆಟ್ಟಗಿನ ಫೋಟೋ ಸಿಗಲಿಲ್ಲ. ಕೊನೆಗೆ ಯಾವುದೋ ಚಿತ್ರದಲ್ಲಿ ಮಂತ್ರಿಯ ವೇಷ ಹಾಕಿದ್ದಾಗ ತೆಗೆದದ್ದನ್ನು ತಂದಿಟ್ಟರು. ಎದೆಯವರೆಗೆ ಬಿಳಿ ಗಡ್ಡ, ಅದೂ ಅಂಟಿಸಿದ ಗಡ್ಡ. ಹಿಂದೆ ಇದ್ದ ಮುಖ ಅವರದೋ ಇನ್ನೊಬ್ಬರದೋ ಎಂದು ಕೂಡ ಗೊತ್ತಾಗುವಂತಿರಲಿಲ್ಲ. ಅದಕ್ಕೆ ಹಾರ ಹಾಕಿ ಊದುಬತ್ತಿ ಹಚ್ಚಿ ಎಲ್ಲರೂ ಕೈಮುಗಿದರು.

ನಾನು ಅವರನ್ನು ರಾಯರೇ ಎಂದು ಕರೆಯುತ್ತಿದ್ದೆ. ಇಲ್ಲಿಯೂ ಅಷ್ಟೇ ಸಾಕು. ಹೆಸರು ಬರೆದರೆ ಹುಬ್ಬಳ್ಳಿಯಲ್ಲಿರುವ ಅವರ ತಮ್ಮನ ಮಕ್ಕಳಿಗೆ ಮುಜುಗರ. ದೊಡ್ಡಪ್ಪ ಸೀರೆ ಉಟ್ಟು ಕುಣಿಯುತ್ತಿದ್ದ ಎಂದು ಹೇಳಿಕೊಳ್ಳುವುದಕ್ಕೆ ಅವರಿಗೆ ಈಗಲೂ ನಾಚಿಕೆಯಂತೆ.

ರಾಯರು ಹುಬ್ಬಳ್ಳಿಯ ಕಾರಕೂನರ ಮನೆಯ ಹಿರಿಯ ಮಗ. ಹದಿನೈದನೆಯ ವಯಸ್ಸಿಗೆ ನಾಟಕ ಕಂಪನಿಯ ಹಿಂದೆ ಓಡಿಹೋದರು. ದನಿ ಒಡೆದಿರಲಿಲ್ಲ, ಮೈ ತೆಳ್ಳಗಿತ್ತು, ಹೆಣ್ಣುಪಾತ್ರ ಕೊಟ್ಟರು. ಕೂದಲು ಬಿಟ್ಟರು, ಅದು ಸೊಂಟ ಮುಟ್ಟಿತು. ಒಮ್ಮೆ ಕಂಪನಿ ಹುಬ್ಬಳ್ಳಿಗೇ ಬಂದಾಗ ಆಸೆಪಟ್ಟು ಮನೆಗೆ ಹೋದರಂತೆ. ತಂದೆ ಬಾಗಿಲಲ್ಲೇ ನಿಂತು, ಸೀರೆ ಉಡುವ ಮಗ ತನಗೆ ಇಲ್ಲ, ತನಗಿರುವುದು ಒಬ್ಬನೇ ಮಗ, ಅವನು ಒಳಗೆ ಓದುತ್ತ ಕೂತಿದ್ದಾನೆ ಎಂದು ಹೇಳಿ ಬಾಗಿಲು ಹಾಕಿದರಂತೆ. ಇದನ್ನು ರಾಯರು ನನಗೆ ನಗುತ್ತ ಹೇಳಿದ್ದರು. ಅವರು ಹೇಳದೆ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಯಾಕೆಂದರೆ ಆ ಮಾತನ್ನೇ ಮುಂದೆ ನಾನು ಅವರ ಮೇಲೆ ಬಳಸಿದೆ.

ನಾಟಕ ಕಂಪನಿ ಪುಣೆಗೆ ಬಂದು ಮುರಿದುಬಿತ್ತು. ಅದೇ ಹೊತ್ತಿಗೆ ಇಲ್ಲಿ ನದಿಯಾಚೆ ತಗಡಿನ ಚಪ್ಪರ ಹಾಕಿಕೊಂಡು ನಮ್ಮ ಮಾಲಕರು ಸಿನಿಮಾ ತೆಗೆಯಲು ಶುರು ಮಾಡಿದ್ದರು. ಆಗೆಲ್ಲ ಮಾತಿಲ್ಲದ ಚಿತ್ರ, ಕೈಯಿಂದ ಹಿಡಿಕೆ ತಿರುಗಿಸುವ ಕ್ಯಾಮೆರಾ, ಸೂರ್ಯನ ಬೆಳಕೇ ದೀಪ. ಕ್ಯಾಮೆರಾದ ಮುಂದೆ ನಿಲ್ಲುವುದಕ್ಕೆ ಹೆಂಗಸರು ಒಬ್ಬರೂ ಬರುತ್ತಿರಲಿಲ್ಲ. ಮಾಲಕರಿಗೆ ಬೇಕಾದದ್ದು ಸೀರೆ ಉಡಲು ನಾಚದ ಗಂಡಸು. ರಾಯರಲ್ಲಿ ಅದರ ಜೊತೆಗೆ ಸೊಂಟದವರೆಗೆ ಸ್ವಂತ ಕೂದಲೂ ಸಿಕ್ಕಿತು. ಬೇರೆಯವರೆಲ್ಲ ನಾಟಕದ ಟೋಪನ್, ಅಂದರೆ ಕಟ್ಟುಗೂದಲು, ಹಾಕಿ ಬಿಸಿಲಿಗೆ ನಿಂತರೆ ಅದು ನಾರಿನ ಹಗ್ಗದ ಹಾಗೆ ಕಾಣುತ್ತಿತ್ತು. ನಮ್ಮ ರಾಣಿಯದು ಸ್ವಂತ ಕೂದಲು ಎಂದು ಮಾಲಕರು ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸುತ್ತಿದ್ದರು.

ನಾನು ಧಾರವಾಡದಿಂದ ಬಂದು ಅಲ್ಲಿ ಸೇರಿದಾಗ ರಾಯರು ಆಗಲೇ ಹತ್ತು ವರ್ಷ ರಾಣಿಯಾಗಿದ್ದರು. ನನ್ನದು ಜೋಡಣೆಯ ಕೋಣೆ. ತೊಳೆದು ಒಣಗಿಸಿದ ಚಿತ್ರದ ಪಟ್ಟಿಗಳನ್ನು ಕತ್ತರಿಸಿ, ಅಂಚು ಕೆರೆದು, ಅಂಟು ಹಚ್ಚಿ ಒಂದಕ್ಕೊಂದು ಕೂಡಿಸುವುದು. ಇಡೀ ಕಂಪನಿಯಲ್ಲಿ ಕನ್ನಡ ಬರುತ್ತಿದ್ದವರು ನಾವಿಬ್ಬರೇ. ಮೊದಲ ದಿನ ಅವರು ನನ್ನ ಉಚ್ಚಾರ ಕೇಳಿದವರೇ ಊಟದ ಡಬ್ಬಿಯಿಂದ ಅರ್ಧ ರೊಟ್ಟಿ ಮುರಿದು ನನ್ನ ಕೈಗಿಟ್ಟರು. ಅವರು ಬ್ರಾಹ್ಮಣರು, ನಾವು ಲಿಂಗವಂತರು. ಊರಲ್ಲಾಗಿದ್ದರೆ ಹಾಗೆ ಕೊಡುತ್ತಿರಲಿಲ್ಲ, ನಾನೂ ತಿನ್ನುತ್ತಿರಲಿಲ್ಲ.

ಮಾತು ಕೇಳಿಸದ ಚಿತ್ರವಾದ್ದರಿಂದ ನಟರು ಬಾಯಿಗೆ ಬಂದದ್ದನ್ನು ಆಡುತ್ತಿದ್ದರು. ರಾಯರು ಕ್ಯಾಮೆರಾದ ಮುಂದೆ ಆಡುತ್ತಿದ್ದದ್ದೆಲ್ಲ ಕನ್ನಡ. ಒಂದು ಸಲ ರಾಣಿ ಸೇನಾಪತಿಯ ಕಾಲು ಹಿಡಿದು ಮಗುವಿನ ಜೀವ ಬೇಡುವ ದೃಶ್ಯ. ಕಣ್ಣಲ್ಲಿ ದಳದಳ ನೀರು, ಬಾಯಲ್ಲಿ ಮಾತ್ರ, ಅಯ್ಯಾ ಪುಣ್ಯಾತ್ಮ, ನಿನ್ನೆ ಬದನೆಕಾಯಿ ಪಲ್ಯದಲ್ಲಿ ಉಪ್ಪೇ ಇರಲಿಲ್ಲವಲ್ಲ, ನಿನ್ನ ಮನೆ ಹಾಳಾಗ ಎಂಬ ಗೋಳಾಟ. ಸೇನಾಪತಿಯಾಗಿದ್ದವನೇ ಆಗ ಅಡುಗೆಯ ಉಸ್ತುವಾರಿ ನೋಡುತ್ತಿದ್ದ. ಮಾಲಕರು ಆ ಅಳುವಿಗೆ ಮೆಚ್ಚಿ ತಾವೂ ಕಣ್ಣೊರೆಸಿಕೊಂಡರು. ನಾನು ನಕ್ಕು ಹೊರಗೆ ಹಾಕಿಸಿಕೊಂಡೆ.

ಆದರೆ ಕೆಲಸ ಅಂದರೆ ಕೆಲಸ. ಹೆಂಗಸರು ನೀರಿನ ಕೊಡ ಹೊತ್ತು ಏರುವುದನ್ನು ನೋಡಲು ಮುಠಾ ನದಿಯ ದಂಡೆಗೆ ಹೋಗಿ ಗಂಟೆಗಟ್ಟಲೆ ಕೂರುತ್ತಿದ್ದರು. ಅದಕ್ಕೆ ಒಂದೆರಡು ಸಲ ಬೈಸಿಕೊಂಡದ್ದೂ ಉಂಟು. ಸಿಟ್ಟು ಬಂದ ಹೆಂಗಸಿನ ಹಿಮ್ಮಡಿ ಮೊದಲು ನೆಲ ಮುಟ್ಟುತ್ತದೆ, ಹೆದರಿದವಳ ಬೆರಳು ಮೊದಲು ಮುಟ್ಟುತ್ತದೆ ಎಂದು ನನಗೆ ನಡೆದು ತೋರಿಸುತ್ತಿದ್ದರು. ಊಟಕ್ಕೆ ಕೂರುವಾಗ ಎಡಗೈಯಿಂದ ಕೂದಲನ್ನು ಎತ್ತಿ ಹೆಗಲ ಮುಂದಕ್ಕೆ ಹಾಕಿಕೊಳ್ಳುವುದು ಅವರ ರೂಢಿ. ವೇಷ ಇರಲಿ ಇಲ್ಲದಿರಲಿ, ಬೀದಿಯಲ್ಲಿ ಹುಡುಗರು ಕೂಗಿ ಚೇಷ್ಟೆ ಮಾಡಲಿ, ಆ ಕೂದಲಿಗೆ ಅವರು ಒಂದು ದಿನವೂ ಟೋಪಿ ಮುಚ್ಚಲಿಲ್ಲ.

ಈಗ ಸಾಸವಡದ ಸಂಗತಿಗೆ ಬರುತ್ತೇನೆ. ಇದನ್ನು ಬರೆಯಲು ಕೂತದ್ದೇ ಅದಕ್ಕಾಗಿ.

ರಾಜ್ಯ ಕಳೆದುಕೊಂಡು ಕಾಡು ಸೇರಿದ ರಾಣಿಯ ಕಥೆ. ಚಿತ್ರದ ಮುಕ್ಕಾಲು ಪಾಲು ಮುಗಿದಿತ್ತು. ಉಳಿದದ್ದು ನದಿಯ ಭಾಗ. ಸೋತ ರಾಣಿ ನೀರಿಗಿಳಿದು, ಮುಳುಗಿ ಎದ್ದು, ಒದ್ದೆ ಕೂದಲನ್ನು ಹಿಂಡಿ, ವೈರಿ ಸಾಯುವ ತನಕ ಜಡೆ ಕಟ್ಟುವುದಿಲ್ಲ ಎಂದು ಆಣೆ ಇಡುತ್ತಾಳೆ. ಅದಕ್ಕಾಗಿ ಇಡೀ ಕಂಪನಿ ಪುಣೆಯಿಂದ ಇಪ್ಪತ್ತು ಮೈಲಿ ದೂರದ ಸಾಸವಡಕ್ಕೆ ಹೋಗಿ ಧರ್ಮಶಾಲೆಯಲ್ಲಿ ಇಳಿದಿತ್ತು. ಕರ್ಹಾ ನದಿಯ ಒಂದು ಮಡುವಿನಲ್ಲಷ್ಟೇ ನೀರು ಉಳಿದಿತ್ತು. ಮೋಡ ಬರಲು ಶುರುವಾಗಿತ್ತು. ಮಳೆ ಹಿಡಿದರೆ ಬಿಸಿಲಿಲ್ಲ, ಬಿಸಿಲಿಲ್ಲದಿದ್ದರೆ ಚಿತ್ರವಿಲ್ಲ. ಅದಕ್ಕೂ ಮೊದಲು ಆಷಾಢದ ಯಾತ್ರೆಯ ಪಾಲಖಿ ಬರುತ್ತದೆ, ಬಂತೆಂದರೆ ಊರಿಗೆ ಊರೇ ಕಾಲ್ನಡಿಗೆಯ ವಾರಕರಿ ಭಕ್ತರಿಂದ ತುಂಬುತ್ತದೆ, ಧರ್ಮಶಾಲೆ ಖಾಲಿ ಮಾಡಬೇಕು. ಮಾಲಕರು ದಿನಾ ಬೆಳಿಗ್ಗೆ ಎದ್ದು ಆಕಾಶ ನೋಡಿ ಬೈಯುತ್ತಿದ್ದರು.

ನಾನು ಪುಣೆಯ ಕೋಣೆಯಲ್ಲೇ ಇದ್ದೆ. ಒಂದು ದಿನ ಆಫೀಸಿಗೆ ರಾಯರ ಹೆಸರಿಗೆ ತಂತಿ ಬಂತು. ತಂದೆ ತೀರಿಕೊಂಡರು, ಕೂಡಲೇ ಹೊರಡು ಎಂದು ತಮ್ಮ ಕಳಿಸಿದ್ದ. ಗುಮಾಸ್ತ ಅದನ್ನು ನನ್ನ ಕೈಗೆ ಕೊಟ್ಟು ಸಾಸವಡಕ್ಕೆ ಓಡಿಸಿದ. ನಾನು ಹೋಗಿ ಮೊದಲು ಕಂಡದ್ದು ಮಾಲಕರನ್ನು. ತಂತಿ ಓದಿ ಅವರು ನಿಂತಲ್ಲೇ ಕುಳಿತರು. ಸತ್ತವರಿಗಾಗಿ ಅಲ್ಲ. ಹಿರಿಯ ಮಗ ಊರಿಗೆ ಹೋದರೆ ಹತ್ತನೆಯ ದಿನದೊಳಗೆ ತಲೆ ಬೋಳಿಸಿಕೊಳ್ಳಬೇಕು. ಆ ಜಾತಿಯಲ್ಲಿ ತಲೆ ಬೋಳಿಸದೆ ಪಿಂಡ ಇಡುವಂತಿಲ್ಲ. ತಲೆ ಹೋದರೆ ರಾಣಿ ಹೋದಳು.

ತಂತಿ ಕೊಟ್ಟಾಗ ರಾಯರು ಸೀರೆಯಲ್ಲಿದ್ದರು. ಓದಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಇವತ್ತೇ ಹೊರಡುತ್ತೇನೆ ಅಂದರು. ಮಾಲಕರು ಬೇಡ ಅಂದರು. ರಾಯರು ಒಂದು ದಾರಿ ಹೇಳಿದರು. ಬೋಳಿಸಿದ ಕೂದಲನ್ನು ನದಿಗೆ ಬಿಡಬೇಕು, ಅದು ಶಾಸ್ತ್ರ. ನಾನು ಬಿಡುವುದಿಲ್ಲ, ಗಂಟು ಕಟ್ಟಿ ತರುತ್ತೇನೆ, ಅದರಲ್ಲೇ ಟೋಪನ್ ಮಾಡಿಸಿ ಎಂದರು. ಸೂತಕದ ಕೂದಲನ್ನು ಮತ್ತೆ ತಲೆಗೆ ಹಾಕಿಕೊಳ್ಳಲು ಆ ಮನುಷ್ಯ ಸಿದ್ಧನಾಗಿದ್ದ, ತಂದೆಗೆ ಒಂದು ಹಿಡಿ ಅನ್ನ ಇಡುವುದಕ್ಕಾಗಿ. ಟೋಪನ್ ಹೆಣೆಯಲು ಹದಿನೈದು ದಿನ ಬೇಕು, ಅಷ್ಟರಲ್ಲಿ ಮಳೆ ಬರುತ್ತದೆ ಎಂದು ಮಾಲಕರು ಅದಕ್ಕೂ ಒಪ್ಪಲಿಲ್ಲ. ಗದರಿದರು, ಕೈಮುಗಿದರು, ಕಂಪನಿ ಮುಳುಗುತ್ತದೆ ಎಂದು ಅತ್ತೂ ನೋಡಿದರು. ರಾಯರು ಗಂಟು ಕಟ್ಟುತ್ತಲೇ ಇದ್ದರು.

ಆಗ ಮಾಲಕರು ನನ್ನನ್ನು ಬದಿಗೆ ಕರೆದು, "ತುಝ್ಯಾ ಭಾಷೇತ ಸಾಂಗ" ಅಂದರು. ನಿನ್ನ ಭಾಷೆಯಲ್ಲಿ ಹೇಳು.

ನಾನು ಹೇಳಿದೆ.

ನಮ್ಮ ಮನೆಗಳಲ್ಲಿ ಸತ್ತವರನ್ನು ಮಣ್ಣು ಮಾಡುತ್ತೇವೆ. ತಲೆ ಬೋಳಿಸುವುದಿಲ್ಲ, ಪಿಂಡವಿಲ್ಲ, ಕಾಗೆ ಕಾಯುವುದಿಲ್ಲ. ಆದ್ದರಿಂದ ಅದರ ತೂಕ ನನಗೆ ತಿಳಿಯಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ನೆಪ ಅಷ್ಟೇ. ಗಂಟು ಕಟ್ಟುತ್ತ ಅವರು ಒಂದೇ ಧೋತರವನ್ನು ಮತ್ತೆ ಮತ್ತೆ ಬಿಚ್ಚಿ ಮಡಿಸುತ್ತಿದ್ದದ್ದು ನನಗೆ ಕಾಣುತ್ತಿತ್ತು. ಇಪ್ಪತ್ತೆರಡರ ವಯಸ್ಸು, ಮಾಲಕರು ನನ್ನ ಹೆಗಲ ಮೇಲೆ ಕೈಯಿಟ್ಟಿದ್ದರು, ಅದೇ ನನಗೆ ದೊಡ್ಡದಾಯಿತು.

"ರಾಯರ, ಸಿಟ್ಟಾಗಬ್ಯಾಡ್ರಿ," ಅಂದೆ. "ನಿಮ್ಮನ್ನ ಮಗಾ ಅನ್ನಲಿಲ್ಲ ಅವರು. ಬಾಗಲಾ ಹಾಕಿದ್ರು. ಜೀವಂತ ಇದ್ದಾಗ ನಿಮ್ಮ ಕೈನೀರು ಬ್ಯಾಡಾಗಿದ್ದವರಿಗೆ ಈಗ ನಿಮ್ಮ ಕೈಲೆ ಪಿಂಡ ಬೇಕಾಗ್ತದೇನ್ರಿ? ತಮ್ಮ ಇದ್ದಾನಲ್ಲ, ಅವರು ಮಗಾ ಅಂದದ್ದು ಅವನಿಗೇ. ಅಂವ ಮಾಡ್ತಾನ ಬಿಡ್ರಿ."

ಅವರು ಕೈ ನಿಲ್ಲಿಸಿದರು. ಆಮೇಲೆ ಗಂಟು ಬಿಚ್ಚಿ, ಒಂದೊಂದೇ ಬಟ್ಟೆಯನ್ನು ಮತ್ತೆ ಗೂಟಕ್ಕೆ ಹಾಕಿದರು. ಮಾಲಕರು ಸಂಜೆ ನನಗೆ ಪೇಢೆ ತರಿಸಿಕೊಟ್ಟರು. ತಿಂದೆ.

ನದಿಯ ದೃಶ್ಯ ಮೋಡದ ಕಾಟದಿಂದ ಮುಂದೆ ಮುಂದೆ ಹೋಯಿತು. ಕೊನೆಗೆ ಬಿಸಿಲು ಬಿದ್ದದ್ದು ಹತ್ತನೆಯ ದಿನ. ಅವತ್ತು ಬೇರೆ ಕಡೆ ತಲೆ ಬೋಳಿಸಿ ಒದ್ದೆ ಬಟ್ಟೆಯಲ್ಲಿ ಕೂರಬೇಕಾಗಿದ್ದ ಮಗ, ಕರ್ಹಾ ನದಿಯಲ್ಲಿ ಮೂರು ಸಲ ಮುಳುಗಿ ಎದ್ದ. ಮೂರು ಸಲ ಎಂದು ಯಾರೂ ಹೇಳಿರಲಿಲ್ಲ, ಒಂದು ಸಲ ಸಾಕಾಗಿತ್ತು. ಕ್ಯಾಮೆರಾಕ್ಕೆ ಬೆನ್ನು ಮಾಡಿ ಕೂದಲನ್ನು ಮುಂದಕ್ಕೆ ತೆಗೆದು ಹಿಂಡಿದರು, ಆಮೇಲೆ ತಿರುಗಿದರು. ಆ ಮುಖವನ್ನು ನಾನು ವರ್ಣಿಸುವುದಿಲ್ಲ. ಹಿಡಿಕೆ ತಿರುಗಿಸುತ್ತಿದ್ದವನು ಮುಗಿದ ಮೇಲೂ ತಿರುಗಿಸುತ್ತಲೇ ಇದ್ದ, ನಿಲ್ಲಿಸಬೇಕೆಂಬುದೇ ಅವನಿಗೆ ಮರೆತುಹೋಗಿತ್ತು. ಅವತ್ತು ಮಾತ್ರ ಅವರ ತುಟಿ ಅಲುಗಲಿಲ್ಲ, ಕನ್ನಡವೂ ಇಲ್ಲ, ಏನೂ ಇಲ್ಲ.

ಪುಣೆಗೆ ಮರಳಿದ ಮರುದಿನವೇ ಮುಠಾ ನದಿಯ ಘಾಟಿಗೆ ಹೋಗಿ ತಲೆ ಬೋಳಿಸಿಕೊಂಡು ಬಂದರು. ಅಲ್ಲಿಯ ಭಟ್ಟರು, ದಿನ ಮೀರಿದೆ, ಇದು ಲೆಕ್ಕಕ್ಕೆ ಬರುವುದಿಲ್ಲ ಅಂದರಂತೆ. ಊರಿಂದ ತಮ್ಮನ ಕಾಗದ ಬಂತು. ಎಲ್ಲ ಮುಗಿಯಿತು, ಇನ್ನು ಬರುವ ಅಗತ್ಯವಿಲ್ಲ ಎಂದು ಎರಡು ಸಾಲು.

ಇಷ್ಟಕ್ಕೇ ಮುಗಿದಿದ್ದರೆ ಮಾಲಕರನ್ನು ಹೇಗೋ ಕ್ಷಮಿಸಬಹುದಿತ್ತು. ವ್ಯಾಪಾರದವರು, ಮಳೆಗೆ ಹೆದರಿದರು ಎಂದುಕೊಳ್ಳಬಹುದಿತ್ತು. ಆದರೆ ಮಳೆ ಮುಗಿಯುವುದರೊಳಗೆ ಮುಂಬಯಿಯ ಥೇಟರಿನವರು ಬಂದು, ಈಗ ಜನ ನಿಜವಾದ ಹೆಂಗಸನ್ನೇ ಕೇಳುತ್ತಾರೆ, ಗಂಡಸಿನ ರಾಣಿ ಓಡುವುದಿಲ್ಲ ಅಂದರು. ಮಾಲಕರು ಎರಡನೆಯ ಯೋಚನೆ ಮಾಡಲಿಲ್ಲ. ಮುಂಬಯಿಯಿಂದಲೇ ಒಬ್ಬ ನಟಿಯನ್ನು ಕರೆಸಿ ರಾಣಿಯ ಪಾತ್ರವನ್ನು ಮೊದಲಿನಿಂದ ಮತ್ತೆ ತೆಗೆದರು. ಹದಿನೈದು ದಿನ ಕಾಯಲಾರದವರು ನಾಲ್ಕು ತಿಂಗಳು ಕಾದರು. ಆಗ ಕಂಪನಿ ಮುಳುಗಲಿಲ್ಲ. ಇದನ್ನು ಬರೆಯುವಾಗ ಈಗಲೂ ನನ್ನ ಲೇಖನಿ ಕಾಗದ ಹರಿಯುತ್ತಿದೆ.

ಆ ನಟಿಯ ತಪ್ಪೇನೂ ಇಲ್ಲ, ಒಳ್ಳೆಯ ಹೆಂಗಸು. ಆದರೆ ಆಕೆಯ ಕೂದಲು ಮೋಟು. ಹೆಗಲು ದಾಟುತ್ತಿರಲಿಲ್ಲ. ಸ್ವಂತ ಕೂದಲಿನ ಜಾಹೀರಾತು ಆಗಲೇ ಊರೂರಿಗೆ ಹೋಗಿತ್ತು. ಮಾಲಕರು ನನ್ನ ಕೋಣೆಗೆ ಬಂದು ಉಪಾಯ ಹೇಳಿದರು. ರಾಯರ ಮುಖ ಇರುವ ಎಲ್ಲ ಪಟ್ಟಿಯನ್ನೂ ಕತ್ತರಿಸಿ ತೆಗೆದುಬಿಡು. ನದಿಯಲ್ಲಿ ಬೆನ್ನು ಮಾಡಿ ಕೂದಲು ಹಿಂಡುವುದಿದೆಯಲ್ಲ, ಅದನ್ನು ಮಾತ್ರ ಇಟ್ಟುಕೋ. ತಿರುಗುವಷ್ಟರಲ್ಲಿ ಕತ್ತರಿಸಿ ಅಲ್ಲಿಗೆ ಇವಳ ಮುಖ ಅಂಟಿಸು.

ಅಂಟಿಸಿದೆ. ಅವರ ತಲೆಗೆ ಇನ್ನೊಬ್ಬರ ಮುಖವನ್ನು ಈ ಕೈಯಿಂದ ಅಂಟಿಸಿದೆ. ಎರಡು ಸಲ ಮಾಡಿದರೂ ಜೋಡು ಎದ್ದು ಕಾಣುತ್ತಿತ್ತು. ಮೂರನೆಯ ಸಲ ಕತ್ತರಿ ಹಿಡಿದಿದ್ದಾಗ ರಾಯರೇ ಒಳಗೆ ಬಂದರು. ಬೋಳಿಸಿದ ತಲೆಯಲ್ಲಿ ಬೆರಳುದ್ದ ಕೂದಲು ಬೆಳೆದಿತ್ತು. ಏನು ನಡೆದಿದೆ ಎಂದು ಅವರಿಗೆ ಒಂದೇ ನೋಟಕ್ಕೆ ತಿಳಿಯಿತು. ಈಗ ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಕಾದೆ. ಹೊಡೆದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇಲ್ಲೆ ಕತ್ತರಸಬ್ಯಾಡ ತಮ್ಮಾ. ಇನ್ನ ನಾಲ್ಕು ಮನಿ ಬಿಟ್ಟು ಕತ್ತರಸು, ಕೈ ಮ್ಯಾಲೆ ಏಳ್ತದ, ಆವಾಗ ನೋಡವರ ಕಣ್ಣು ಕೈ ಹಿಂದ ಹೋಗ್ತದ. ಜೋಡು ಕಾಣೂದಿಲ್ಲ," ಅಂದರು.

ನಾಲ್ಕು ಚೌಕ ಬಿಟ್ಟು ಕತ್ತರಿಸಿದೆ. ಜೋಡು ಕಾಣಲಿಲ್ಲ. ಚಿತ್ರ ಭರ್ಜರಿಯಾಗಿ ಓಡಿತು, ನಟಿಯ ಕೂದಲನ್ನು ಪತ್ರಿಕೆಗಳು ಹೊಗಳಿದವು. ರಾಯರ ಮುಖವಿದ್ದ ಪಟ್ಟಿಗಳನ್ನು ಮಾಲಕರು ಹಳೆಯ ಸಾಮಾನಿನ ಜೊತೆ ಬಳೆ ಮಾಡುವವರಿಗೆ ಮಾರಿದರು. ಆಗ ಅದೇ ರೂಢಿ, ಬೇಡವಾದ ಪಟ್ಟಿಯನ್ನು ಕರಗಿಸಿ ಬಳೆ ಎರೆಯುತ್ತಿದ್ದರು. ಆ ಮುಖ ಈಗ ಎಲ್ಲಿಯೂ ಇಲ್ಲ. ಸಭೆಯಲ್ಲಿ ನಿಂತು, ಅವರ ಅಭಿನಯ ಅಜರಾಮರ ಎಂದು ಮಾಲಕರ ಮಗ ಗಂಟಲು ಹರಿದುಕೊಂಡನಲ್ಲ, ಅದನ್ನು ಒಮ್ಮೆ ತೋರಿಸು ನೋಡೋಣ ಎಂದು ಕೇಳಬೇಕೆನಿಸಿತು.

ಆಮೇಲೆ ರಾಯರು ಮತ್ತೆ ಕೂದಲು ಬಿಡಲಿಲ್ಲ. ಮಂತ್ರಿ, ಋಷಿ, ಮುದಿ ತಂದೆ, ದ್ವಾರಪಾಲಕ, ಏನು ಕೊಟ್ಟರೆ ಅದು. ಮಾತಿನ ಚಿತ್ರ ಬಂದ ಮೇಲೆ ಅವರ ಮರಾಠಿಯಲ್ಲಿ ಕನ್ನಡದ ವಾಸನೆ ಬರುತ್ತದೆ ಎಂದು ಬಾಯಿ ತೆರೆಯದ ಪಾತ್ರಗಳಿಗೆ ನಿಲ್ಲಿಸಿದರು. ಮನೆತನದ ಹುಡುಗಿಯರು ನಟಿಸಲು ಬರತೊಡಗಿದಾಗ ಅವರಿಗೆ ಒಂಬತ್ತು ಗಜದ ಸೀರೆಯಲ್ಲಿ ನಡೆಯುವುದನ್ನು ಕಲಿಸುವ ಕೆಲಸ ಕೊಟ್ಟರು. ನಾನೂ ಅಲ್ಲೇ ಇದ್ದೆ. ಇಂದು ಪರದೆಯ ಮೇಲೆ ನೀವು ಕೈ ತಟ್ಟಿ ಮೆಚ್ಚುವ ಎಷ್ಟೋ ನಡಿಗೆಗಳು ಆ ಮುದುಕನವು. ಊಟಕ್ಕೆ ಕೂರುವಾಗ ಮಾತ್ರ ಅವರ ಎಡಗೈ ಇಲ್ಲದ ಕೂದಲನ್ನು ಎತ್ತಲು ಹೋಗಿ, ಅರ್ಧಕ್ಕೆ ನಿಂತು, ಕೆಳಗೆ ಬರುತ್ತಿತ್ತು. ನಾನು ಆಗ ಬೇರೆ ಕಡೆ ನೋಡುತ್ತಿದ್ದೆ. ಅವರು ಧನಕವಡಿಯ ಕಡೆ ಒಂದು ಕೋಣೆ ಮಾಡಿಕೊಂಡು ಒಬ್ಬರೇ ಇದ್ದರು, ಮದುವೆಯಾಗಲಿಲ್ಲ, ಊರಿಗೆ ಹೋಗಲಿಲ್ಲ. ಹೋದ ತಿಂಗಳು ಜ್ವರದಲ್ಲಿ ತೀರಿಕೊಂಡರು. ಅವರಿಗೆ ಬೆಂಕಿ ಇಟ್ಟದ್ದು ಬಣ್ಣದ ಕೋಣೆಯ ಇಬ್ಬರು ಮತ್ತು ನಾನು.

ಇನ್ನು ಒಂದು ಉಳಿದಿದೆ. ಯಾರಿಗೂ ಹೇಳಿಲ್ಲ. ರಾಯರಿಗಂತೂ ಹೇಳಲೇ ಇಲ್ಲ.

ಆ ಚಿತ್ರ ಹುಬ್ಬಳ್ಳಿಗೆ ಹೋದಾಗ ಪೆಟ್ಟಿಗೆಯ ಜೊತೆ ಕಂಪನಿಯ ಮನುಷ್ಯನಾಗಿ ನನ್ನನ್ನೇ ಕಳಿಸಿದರು. ಹೊರಡುವ ಮುಂಚೆ ರಾಯರು ಬುಧವಾರ ಪೇಟೆಗೆ ಹೋಗಿ ಒಂದು ಸೀರೆ ತಂದು, ಅವ್ವನಿಗೆ ಕೊಡು ಅಂದರು. ಕೆಂಪು ಸೀರೆ, ಅಂಚಿಲ್ಲದ್ದು, ತಲೆ ತೆಗೆಸಿದ ವಿಧವೆಯರು ಉಡುವಂಥದ್ದು. ಬಣ್ಣಬಣ್ಣದ ಸೀರೆ ಆರಿಸಿ ಉಟ್ಟ ಕೈ ಅದನ್ನೂ ಆರಿಸಿ ತಂದಿತ್ತು.

ಹುಬ್ಬಳ್ಳಿಯಲ್ಲಿ ಮನೆ ಹುಡುಕಿಕೊಂಡು ಹೋದೆ. ತಮ್ಮ ಕಚೇರಿಗೆ ಹೋಗಿದ್ದ. ಆ ತಾಯಿ ಕಟ್ಟೆಯ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಸೆರಗು ತಲೆಯ ಮೇಲಿತ್ತು, ಕೆಳಗೆ ಕೂದಲಿಲ್ಲ ಎಂದು ಗೊತ್ತಾಗುತ್ತಿತ್ತು. ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಮಗನ ಆಟ ಬಂದಿದೆಯಂತಲ್ಲ, ತೋರಿಸುತ್ತೀಯಾ ಎಂದು ಕೇಳಿದರು. ಅದರಲ್ಲಿ ಮಗನಿಲ್ಲ ಎಂದು ಹೇಳಲು ನನಗೆ ಧೈರ್ಯವಾಗಲಿಲ್ಲ. ಮಠಕ್ಕೆ ಹೋಗಿ ಬರುತ್ತೇನೆ ಎಂದು ಸೊಸೆಗೆ ಹೇಳಿ ಮಧ್ಯಾಹ್ನದ ಆಟಕ್ಕೆ ಬಂದರು. ದೇವರು ಪ್ರತ್ಯಕ್ಷನಾಗುವ ಚಿತ್ರವೆಂದು ಅವತ್ತು ಅವರಂಥ ಮುದುಕಿಯರು ಇನ್ನೂ ಕೆಲವರಿದ್ದರು. ಆಟ ಮುಗಿದ ಮೇಲೆ ಅವರನ್ನು ನಾನೇ ಕರೆದುಕೊಂಡು ಹೊರಟೆ. ಮನೆಯ ಕಟ್ಟೆಗೆ ಬಂದು ಕೂತ ಮೇಲೆ ಹೇಳಿದರು.

"ಮಾರಿ ಯಾರದೋ ಏನೋ, ನನಗ ಗುರ್ತಿಲ್ಲ. ಹೊಳ್ಯಾಗ ಕೂದಲಾ ಮುಂದಕ್ಕ ತಗೊಂಡಾಗ ಕುತ್ತಿಗಿ ಕಾಣಿಸ್ತಲ್ಲ, ಅಲ್ಲೆ ಒಂದು ಸುಳಿ ಅದ. ಅದು ನನ್ನ ಮಗಂದು. ಹಡದಾಕಿಗೆ ತಿಳಿಯೂದಿಲ್ಲೇನಪಾ? ಅದನ್ನ ಯಾವತ್ತ ತೆಗದದ್ದು?"

ಸುಳ್ಳು ಹೇಳಲು ಹೋದೆ, ಬರಲಿಲ್ಲ. ಪಾಲಖಿಗೆ ನಾಲ್ಕು ದಿನ ಮುಂಚೆ, ಜ್ಯೇಷ್ಠ ಬಹುಳ ಸಪ್ತಮಿ ಅಂದೆ. ಅವರು ಬೆರಳು ಮಡಿಸಿ ತಿಥಿ ಎಣಿಸಿದರು. ಎಣಿಸಿ ಮುಗಿದಾಗ ಸೆರಗನ್ನು ಹಣೆಯ ಮೇಲೆ ಇನ್ನಷ್ಟು ಎಳೆದುಕೊಂಡರು.

"ಅವತ್ತ ಮುಂಜಾನೆ ನನ್ನ ತಲಿ ಬೋಳಿಸಿದ್ರು," ಅಂದರು. "ಅಂವ ಬರ್ತಾನ ಅಂತ ಮಧ್ಯಾಹ್ನದ ತನಕಾ ಪಿಂಡ ತಡದು ಕೂತಿದ್ವಿ. ಅವರಪ್ಪ ಹೋಗೋ ಮುಂದ ಮೂರು ದಿನಾ ಅವನ ಹೆಸರ ಹಿಡಕೊಂಡು ಕರದ್ರು. ನಾ ತಪ್ಪು ಮಾಡಿದೆ, ದೊಡ್ಡಾಂವ ಬರಲಿ, ಅವನ ಕೈಲೇ ಆಗಲಿ ಅಂದ್ರು. ಸಣ್ಣಾಂವ ಅದನ್ನ ಕಾಗದದಾಗ ಬರೀಲಿಲ್ಲ, ಸಿಟ್ಟಿನ್ಯಾಗ ಇದ್ದ. ನನಗ ಬರಿಲಿಕ್ಕೆ ಬರೂದಿಲ್ಲ. ಕಡೀಕ ಸಣ್ಣಾಂವನ ಇಟ್ಟ. ಕಾಗಿ ಮುಟ್ಟಲೇ ಇಲ್ಲ."

ಅವನಿಗೆ ಬರಬೇಡ ಎಂದು ಹೇಳಿದವರು ಯಾರು ಎಂದು ಕೇಳಿದರು. ಮಾಲಕರು ಅಂದೆ.

"ಮಾಲಕಗ ಕನ್ನಡ ಬರ್ತದೇನು?"

ಇಲ್ಲ ಅಂದೆ. ಹೇಳಿದವನು ನಾನೇ ಎಂದು ಅವರಿಗೆ ತಿಳಿಯಿತು. ಬೈಯಲಿಲ್ಲ. ಒಳಗೆ ಹೋಗಿ ಅವಲಕ್ಕಿಗೆ ಮೊಸರು ಕಲಸಿ ತಂದು ನನ್ನ ಮುಂದೆ ಇಟ್ಟರು. ಅಪ್ಪ ಕರೆದರು ಎಂದು ಅವನಿಗೆ ಹೇಳು, ನಾನು ಇರುವುದರೊಳಗೆ ಒಮ್ಮೆ ಬಾ ಎಂದು ಹೇಳು, ಇಷ್ಟೇ ನಿನ್ನಿಂದ ಆಗಬೇಕಾದದ್ದು ಅಂದರು. ಹೇಳುತ್ತೇನೆ ಎಂದು ದೇವರಾಣೆ ಮಾಡಿ ಎದ್ದು ಬಂದೆ.

ಪುಣೆಗೆ ಬಂದ ದಿನ ರಾಯರು ನನ್ನ ಕೋಣೆಯ ಬಾಗಿಲಲ್ಲೇ ಕಾಯುತ್ತಿದ್ದರು. ಅವ್ವ ಸೀರೆ ಉಟ್ಟಳೇ, ಮೆತ್ತಗಾಗಿದ್ದಾಳೆಯೇ, ಕಣ್ಣು ಕಾಣುತ್ತದೆಯೇ ಎಂದೆಲ್ಲ ಕೇಳಿದರು. ಎಲ್ಲದಕ್ಕೂ ಉತ್ತರ ಕೊಟ್ಟೆ, ಒಮ್ಮೆ ಬಾ ಎಂದು ಕರೆದದ್ದನ್ನು ಮಾತ್ರ ಹೇಳಲಿಲ್ಲ. ಆಮೇಲೆ ಮೇಜಿನ ಮೇಲಿದ್ದ ಕತ್ತರಿಯನ್ನು ಅತ್ತ ಇತ್ತ ಸರಿಸುತ್ತ, "ಅಪ್ಪ ಹೋಗೋ ಮುಂದ ನನ್ನ ಹೆಸರೇನರ ತಗದಿದ್ರಂತೇನು?" ಅಂದರು.

ಹೌದು ಎಂದರೆ ಸಾಸವಡದಲ್ಲಿ ನಾನು ಏನು ಮಾಡಿದ್ದೆ ಎಂದು ಅವರಿಗೆ ತಿಳಿಯುತ್ತಿತ್ತು.

"ಇಲ್ರಿ," ಅಂದೆ. "ಹಂಗೇನೂ ಹೇಳಲಿಲ್ಲ."

ಅವರು ತಲೆಯಾಡಿಸಿದರು. ನನ್ನ ಬೆನ್ನ ಮೇಲೆ ಮೆಲ್ಲಗೆ ಕೈಯಾಡಿಸಿ, "ಹೌದು ಬಿಡು. ಅವತ್ತ ನೀ ಖರೇನ ಹೇಳಿದ್ದಿ ತಮ್ಮಾ," ಎಂದು ಹೊರಗೆ ಹೋದರು.

ಆ ತಾಯಿ ಎರಡು ವರ್ಷ ಬದುಕಿದ್ದರು. ರಾಯರು ಇಪ್ಪತ್ತು ವರ್ಷ ನನ್ನ ಎದುರಿಗೇ ಕೂತು ಊಟ ಮಾಡಿದರು. ಆ ಮಾತನ್ನು ತಿದ್ದಲು ನಾನು ಒಂದು ದಿನವೂ ಬಾಯಿ ತೆರೆಯಲಿಲ್ಲ.